ಉಪ್ಪಿಟ್ಟು ದಫೇದಾರನ ವರ್ಗಾವಣೆ

ಕೇಬಲ್ಲಣ್ಣನ ಮುಂದಿನ ಹಲ್ಲೊಂದರ ತುದಿಯಲ್ಲಿ ಒಂದು ಕಚ್ಚು ಇತ್ತು, ಭತ್ತದ ಕಾಳು ಅಡ್ಡಲಾಗಿ ಕೂರುವಷ್ಟು. ವರ್ಷಗಟ್ಟಲೆ ಕರಿ ವೈರಿನ ಸಿಪ್ಪೆಯನ್ನು ಹಲ್ಲಿನಲ್ಲೇ ಕಚ್ಚಿ ಸುಲಿದು ಆದದ್ದು. ಜೇಬಿನಲ್ಲಿ ಕಟ್ಟರ್ ಇದ್ದೇ ಇರುತ್ತಿತ್ತು. ಕೇಳಿದರೆ, "ಒಂದ್ ಕೈಲಿ ಕಂಬ ಇಡ್ಕಬೇಕು, ಒಂದ್ ಕೈಲಿ ವೈರ್ ಇಡ್ಕಬೇಕು. ಕಟ್ಟರ್ ಇಡ್ಕಳಾಕೆ ನಮ್ಮಪ್ಪ ಬತ್ತಾನಾ?" ಎನ್ನುತ್ತಿದ್ದ. ನಕ್ಕರೆ ಆ ಕಚ್ಚಿನಿಂದ ಸಣ್ಣಗೆ ಗಾಳಿ ಹೊರಡುತ್ತಿತ್ತು. ಅದು ಬಲಗಡೆಯ ಹಲ್ಲೋ ಎಡಗಡೆಯದೋ ಈಗ ಆಣೆ ಮಾಡಿ ಹೇಳಲಾರೆ. ಎಡಗಡೆಯದು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳು ಅವನನ್ನು ನೋಡಿದ್ದೇ ಅಪರೂಪ. ಆದರೂ ಕೇಬಲ್ಲಣ್ಣನ ವಿಷಯದಲ್ಲಿ ನನ್ನ ನೆನಪಿಗಿಂತ ಅವಳ ನೆನಪೇ ನಿಜವಾದ ಉದಾಹರಣೆ ಒಂದಿದೆ. ಈ ಬರಹ ಮುಖ್ಯವಾಗಿ ಅದರ ಬಗ್ಗೆಯೇ.

ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ಹೊಳೆನರಸೀಪುರದ ಕಾಲೇಜೊಂದಕ್ಕೆ ಅತಿಥಿ ಉಪನ್ಯಾಸಕನಾಗಿ ಬಂದಿದ್ದೆ. ಸಮಾಜಶಾಸ್ತ್ರ ನನ್ನ ವಿಷಯ. ಯಾರು ಏನು ಹೇಳಿದರೂ "ಅದಕ್ಕೆ ಆಧಾರ ಏನು?" ಎಂದು ಕೇಳುವ ವಯಸ್ಸು. ವಯಸ್ಸು ಹೋಯಿತು, ಚಟ ಉಳಿದಿದೆ. ಪೊಲೀಸ್ ಕ್ವಾರ್ಟರ್ಸಿನ ಎದುರಿಗೆ ಕೇಬಲ್ಲಣ್ಣನ ಮನೆ. ಅದರ ಬೀದಿ ಕಡೆಯ ಕೋಣೆಯಲ್ಲಿ ನಾನಿದ್ದೆ. ಮಹಡಿಯ ಮೇಲೆ ಅವನ ಕಂಟ್ರೋಲ್ ರೂಮು, ತಾರಸಿಯ ತುಂಬ ಆಕಾಶ ನೋಡುತ್ತ ಕೂತ ಡಿಶ್‌ಗಳು. ಊರಿನ ಬಹುಪಾಲು ಮನೆಗಳ ಟಿವಿ ಅಲ್ಲಿಂದ ಹೊರಟ ವೈರಿನ ತುದಿಯಲ್ಲಿತ್ತು.

ಅವನು ಟಿವಿಯನ್ನು ಕೂತು ನೋಡಿದ್ದನ್ನು ನಾನು ಕಂಡಿರಲಿಲ್ಲ. ಸಂಜೆಯಾದರೆ ಬೀದಿ ಬೀದಿ ಅಲೆದು, ಕಿಟಕಿಗಳ ಹೊರಗೆ ನಿಂತು, "ಅಕ್ಕಾ, ಪಿಚ್ಚರ್ ಎಂಗೈತೆ? ಎಲ್ಡೆಲ್ಡು ಕಾಣ್ತಾ ನೆರಳು ಬೀಳ್ತೈತಾ?" ಎಂದು ಕೇಳುವನು. ಯಾವ ಮನೆಯಲ್ಲಿ ಯಾವ ಧಾರಾವಾಹಿ, ಯಾರು ಯಾರ ಪಕ್ಕ ಕೂತು ನೋಡುತ್ತಾರೆ, ಯಾವ ಮನೆಯ ಸೊಸೆ ಅತ್ತೆ ಮಲಗಿದ ಮೇಲೆ ಚಾನೆಲ್ ಬದಲಿಸುತ್ತಾಳೆ, ಎಲ್ಲ ಅವನಿಗೆ ಗೊತ್ತು. ಆಗ ವಿದ್ಯುತ್ತು ಹೇಳದೆ ಕೇಳದೆ ಹೋಗುತ್ತಿತ್ತಲ್ಲ, ಅದಕ್ಕೆ ಅವನೊಂದು ಕ್ರಮ ಮಾಡಿಕೊಂಡಿದ್ದ. ಜನ ಇಷ್ಟಪಡುವ ಧಾರಾವಾಹಿಗಳನ್ನೆಲ್ಲ ಯುಪಿಎಸ್ ಬಲದಿಂದ ಟೇಪಿಗೆ ಇಳಿಸಿಕೊಳ್ಳುವುದು. ತಪ್ಪಿಸಿಕೊಂಡವರಿಗಾಗಿ ಬೆಳಿಗ್ಗೆ ತನ್ನ ಲೋಕಲ್ ಚಾನೆಲ್ಲಿನಲ್ಲಿ ಮತ್ತೆ ಹಾಕುವುದು. ಸಂತೆಗೆ ಬಂದವರೂ ಮಹಡಿಯ ಕಡೆ ಮುಖ ಎತ್ತಿ ಕೂಗುತ್ತಿದ್ದರು: "ಕೇಬಲ್ಲಣ್ಣ, ನೆನ್ನೆ ಕರೆಂಟೇ ಇರ್ನಿಲ್ಲ. ನಾಳಿಕೆ ಆಕ್ಬುಡು!"

ಹಾಗೆ ಕೂಗಿ ಹಾಕಿಸಿಕೊಳ್ಳುತ್ತಿದ್ದುದರಲ್ಲಿ ಮೊದಲನೆಯದು ಒಂದು ಪೊಲೀಸ್ ಸ್ಟೇಷನ್ನಿನ ನಗೆ ಧಾರಾವಾಹಿ. ವಾರಕ್ಕೊಮ್ಮೆ, ಸಂಜೆಯ ಹೊತ್ತು. ಕಳ್ಳರೇ ಬಂದು ಲಾಕಪ್ಪಿನಲ್ಲಿ ಜಾಗ ಇದೆಯೇ ಎಂದು ವಿಚಾರಿಸುವ ಸ್ಟೇಷನ್ನು ಅದು. ಅತ್ತೆಯ ಫೋನು ಬಂದರೆ ಎದ್ದು ನಿಂತು ಸೆಲ್ಯೂಟ್ ಹೊಡೆಯುವ ಸಬ್ ಇನ್ಸ್‌ಪೆಕ್ಟರು. ಸಾಕ್ಷಿಯಾಗಿ ಹಿಡಿದು ತಂದು ಅಲ್ಲೇ ಉಳಿದುಹೋದ ಒಂದು ಮೇಕೆ. ಇವರೆಲ್ಲರ ನಡುವೆ ಉಪ್ಪಿಟ್ಟು ದಫೇದಾರ. ಎದ್ದಿದ್ದಾಗ ಉಪ್ಪಿಟ್ಟು ತಿನ್ನುವುದು, ತಿಂದ ಮೇಲೆ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುವುದು, ಇಷ್ಟೇ ಅವನ ಡ್ಯೂಟಿ. ಪ್ರತಿ ವಾರವೂ ಸಬ್ ಇನ್ಸ್‌ಪೆಕ್ಟರು ಲೋಟದ ನೀರು ಎತ್ತಿ ಅವನ ಮುಖಕ್ಕೆ ಚಿಮುಕಿಸುವರು, ಅವನು ಬೆಚ್ಚಿಬಿದ್ದು "ಉಪ್ಪಿಟ್ಟು ಎಲ್ಲಿ?" ಎನ್ನುವನು. ಪ್ರತಿ ವಾರವೂ ಇಡೀ ಬೀದಿ ನಗುತ್ತಿತ್ತು. ಲೋಟ ಮೇಲೆದ್ದ ಕೂಡಲೇ ಮಕ್ಕಳು ಮನೆಮನೆಯಿಂದಲೂ "ನೀರು! ನೀರು!" ಎಂದು ಕಿರುಚುವುದು ಕೇಳುತ್ತಿತ್ತು.

ನಗುತ್ತಲೇ ನಗುತ್ತಲೇ ಅದು ಆಗೊಮ್ಮೆ ಈಗೊಮ್ಮೆ ಅಳಿಸಿಬಿಡುತ್ತಿತ್ತು. ಹಳೆಯ ಕಳ್ಳನೊಬ್ಬ ಹಬ್ಬಕ್ಕೆಂದು ಊರಿಗೆ ಹೋದರೆ ತಾಯಿಗೆ ಗುರುತೇ ಸಿಗುವುದಿಲ್ಲ. ಅವನು ಬೇರೆ ಯಾರದೋ ಹೆಸರು ಹೇಳಿ, ಊಟ ಮಾಡಿ, ಕೈ ಮುಗಿದು ಸ್ಟೇಷನ್ನಿಗೆ ವಾಪಸ್ಸು ಬರುತ್ತಾನೆ. ಆ ಕಂತಿನ ಮರುದಿನ ಕೇಬಲ್ಲಣ್ಣ ಜಗುಲಿಯಲ್ಲಿ ವೈರು ಸುತ್ತುತ್ತ ಹೇಳಿದ ಮಾತು ನೆನಪಿದೆ. "ಅಳೋ ಧಾರಾವಾಹಿ ಬಂದ್ರೆ ಬಾಗ್ಲು ಆಕ್ಕೊಂಡೇ ಕುಂತಿರ್ತೀವಿ ಮೇಷ್ಟ್ರೇ. ಇದ್ರಲ್ಲಿ ನಗ್ತಾ ನಗ್ತಾ ಬಾಗ್ಲು ತೆಗ್ದು ಕುಂತಿರ್ತೀವಾ? ದುಃಖ ಸೀದಾ ಅಡುಗೆಮನೆಗಂಟ ಬಂದ್ಬುಡ್ತೈತೆ." ಇದು ಅವನ ಮಾತೋ, ನಾನು ತಿದ್ದಿದ್ದೋ ಎಂಬ ಅನುಮಾನ ಬಂದು ಅವನ ಹೆಂಡತಿಯನ್ನು ಕೇಳಿದೆ. ನಾನು ಅವರನ್ನು ಅತ್ತಿಗೆ ಎನ್ನುತ್ತೇನೆ. "ಅಡುಗೆಮನೆ ಅಂದಿದ್ದು ಅವ್ರೇ. ಮಿಕ್ಕಿದ್ದು ನಂಗೊತ್ತಿಲ್ಲ" ಎಂದರು.

ಎದುರಿನ ಕ್ವಾರ್ಟರ್ಸಿನಲ್ಲಿ ಒಬ್ಬ ಹೆಡ್ ಕಾನ್‌ಸ್ಟೇಬಲ್ ಇದ್ದರು. ಅದೇ ಹೊಟ್ಟೆ, ಅದೇ ಮೀಸೆ. ಡ್ಯೂಟಿ ಮುಗಿಸಿ ಬಂದು ಜಗುಲಿಯ ಕುರ್ಚಿಯಲ್ಲಿ ಕೂತರೆ ಅದೇ ಗೊರಕೆ. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಹೈಸ್ಕೂಲು, ಚಿಕ್ಕವಳು ಆಗತಾನೆ ಶಾಲೆಗೆ ಸೇರಿದವಳು. ಆ ಚಿಕ್ಕವಳ ತಲೆಯಲ್ಲಿ ಹುಳ ಬಿಟ್ಟವನು ಕೇಬಲ್ಲಣ್ಣನೇ. "ಟಿವೀಲಿ ತೋರುಸ್ತಿರೋದು ನಿಮ್ಮಪ್ಪನ್ನೇ ಕಣವ್ವ. ಯಾರ್ಗೂ ಹೇಳ್ಬ್ಯಾಡ." ಅವಳು ಊರಿಗೆಲ್ಲ ಹೇಳಿದಳು. ಅಪ್ಪನೂ ಬಿಟ್ಟುಕೊಡಲಿಲ್ಲ. ಮೇಕೆ ಉಪ್ಪಿಟ್ಟು ದಫೇದಾರನನ್ನು ಗುಮ್ಮಿದ ಕಂತಿನ ಮರುದಿನ ಸೊಂಟ ಹಿಡಿದುಕೊಂಡು ಕುಂಟುತ್ತ ಮನೆಗೆ ಬಂದರು. ಚಿಕ್ಕವಳು ಅಳುತ್ತ ಅರಿಸಿನ ಬಿಸಿ ಮಾಡಿಸಲು ಓಡಿದಳು. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಅದಾದ ಕೆಲವು ವಾರಗಳಿಗೆ ಚನ್ನರಾಯಪಟ್ಟಣದ ಕಡೆ ಬಂದೋಬಸ್ತಿಗೆ ಹೋಗಿದ್ದಾಗ, ರಸ್ತೆಯಲ್ಲಿ ಬ್ಯಾರಿಕೇಡ್ ಸರಿಸುತ್ತಿದ್ದ ಹೆಡ್ ಕಾನ್‌ಸ್ಟೇಬಲ್ಲಿಗೆ ಕಾರೊಂದು ಗುದ್ದಿತು. ತಲೆಗೆ ಪೆಟ್ಟು. ಹಾಸನದ ಆಸ್ಪತ್ರೆಗೆ ಹಾಕಿದರು. ಎಚ್ಚರ ಬರಲಿಲ್ಲ. ಹೆಂಡತಿ ಅಲ್ಲೇ ಉಳಿದರು. ಮಕ್ಕಳನ್ನು ನೋಡಿಕೊಳ್ಳಲು ದಂಡಿಗನಹಳ್ಳಿಯಿಂದ ಅಜ್ಜಿ ಬಂದರು. ಅಜ್ಜಿ ಮಕ್ಕಳಿಗೆ ಹೇಳಿದ್ದು ಒಂದೇ ಮಾತು: "ಅಪ್ಪ ಮನೀಕಂಡವ್ರೆ ಕಣ್ರವ್ವ. ನಿದ್ದೆ ಮುಗಿದ್ಮ್ಯಾಕೆ ಬತ್ತಾರೆ."

ಚಿಕ್ಕವಳು ಇದನ್ನು ನಂಬಿದಳು. ನಂಬುವುದಕ್ಕೆ ಅವಳ ಬಳಿ ಸಾಕ್ಷಿಯೂ ಇತ್ತು. ಟಿವಿಯಲ್ಲಿ ಅಪ್ಪ ಮಲಗುತ್ತಾನೆ, ನೀರು ಚಿಮುಕಿಸಿದರೆ ಏಳುತ್ತಾನೆ. ಆ ವಾರ ಧಾರಾವಾಹಿ ಶುರುವಾಗುವುದಕ್ಕೆ ಮೊದಲೇ ಅವಳು ಅಜ್ಜಿಯನ್ನು ಎಳೆದು ಕೂರಿಸಿಕೊಂಡು, ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದಳಂತೆ.

ಮುಂದಿನದನ್ನು ಎಚ್ಚರಿಕೆಯಿಂದ ಬರೆಯಬೇಕು. ನಾನು ಅತ್ತಿಗೆಯ ಜೊತೆ ಕೆಳಗಿನ ಹಜಾರದಲ್ಲಿ ಕೂತು ನೋಡುತ್ತಿದ್ದೆ. ಕೇಬಲ್ಲಣ್ಣ ಎಂದಿನಂತೆ ಬೀದಿ ಸುತ್ತದೆ ಅವತ್ತು ಮೇಲೆಯೇ ಇದ್ದ. ತೆರೆಯ ಮೇಲೆ ಉಪ್ಪಿಟ್ಟು ದಫೇದಾರ ಮೇಜಿನ ಮೇಲೆ ತಲೆಯಿಟ್ಟಿದ್ದ, ಪಕ್ಕದಲ್ಲಿ ಉಪ್ಪಿಟ್ಟಿನ ತಟ್ಟೆ. ಸಬ್ ಇನ್ಸ್‌ಪೆಕ್ಟರು ಕಣ್ಣು ಮಿಟುಕಿಸಿ ಲೋಟ ಎತ್ತಿದರು. ಎದುರಿನ ಕ್ವಾರ್ಟರ್ಸಿನಿಂದ ಚಿಕ್ಕವಳ ದನಿ, "ನೀರು! ನೀರು ಹಾಕಿ!" ಆ ಕ್ಷಣಕ್ಕೆ ತೆರೆಯ ತುಂಬ ಕಪ್ಪುಬಿಳುಪು ಚುಕ್ಕೆಗಳು ಇರುವೆಗಳಂತೆ ಮುತ್ತಿಕೊಂಡವು. ಗುಂಯ್ ಎಂಬ ಸದ್ದು.

"ಏನ್ರೀ, ಓಯ್ತಲ್ರೀ!" ಅತ್ತಿಗೆ ಮೆಟ್ಟಿಲ ಬುಡದಿಂದ ಕೂಗಿದರು.

"ಮಂಗ ಕಣೇ! ಮಂಗ ವೈರ್ ಕಿತ್ತಾಕ್ಬುಡ್ತು!" ಮೇಲಿನಿಂದ ಉತ್ತರ ಬಂತು.

ಫೋನು ಒಂದೇ ಸಮನೆ ಹೊಡೆದುಕೊಂಡಿತು. ಬೀದಿಯಲ್ಲಿ ಬೈಗುಳ. ಮಂಗಗಳನ್ನೂ ಕೇಬಲ್ಲಣ್ಣನನ್ನೂ ಜನ ಒಂದೇ ಉಸಿರಿನಲ್ಲಿ ಬೈದರು. ಕತ್ತಲಾದ ಮೇಲೆ ಮಂಗಗಳು ವೈರು ಕೀಳಲು ಬರುವುದಿಲ್ಲ ಎಂಬುದು ಎಲ್ಲದಕ್ಕೂ ಆಧಾರ ಕೇಳುವ ನನಗೂ ಹೊಳೆಯಲಿಲ್ಲ. ಮಾರನೆಯ ಬೆಳಿಗ್ಗೆ ಮರುಪ್ರಸಾರ ಇರಲಿಲ್ಲ. ಅದರಾಚೆಯ ಬೆಳಿಗ್ಗೆ ಬಂತು. ಲೋಟ ಎದ್ದಿತು. ಚಿತ್ರ ಒಂದು ಸಲ ನಡುಗಿತು. ಉಪ್ಪಿಟ್ಟು ದಫೇದಾರ ಬೆಚ್ಚಿಬಿದ್ದು ಎದ್ದು "ಉಪ್ಪಿಟ್ಟು ಎಲ್ಲಿ?" ಎಂದ. ನಾನು ನೋಡಿದೆ, ಅತ್ತಿಗೆ ನೋಡಿದರು, ಊರು ನೋಡಿತು.

ಮುಂದಿನ ವಾರವೂ ಮಂಗ ಬಂತು, ಆ ಕಂತು ಬೆಳಿಗ್ಗೆಯೂ ಬರಲಿಲ್ಲ. ಆಮೇಲಿನ ಕಂತುಗಳಲ್ಲಿ ಉಪ್ಪಿಟ್ಟು ದಫೇದಾರ ಕಾಣಲೇ ಇಲ್ಲ; ಬೇರೊಬ್ಬ ಬಂದಿದ್ದ. ಯಾಕೆಂದು ಕೇಳಿದವರಿಗೆಲ್ಲ ಕೇಬಲ್ಲಣ್ಣ, "ವರ್ಗ ಆಯ್ತಲ್ಲ, ಅರಕಲಗೂಡಿಗೆ. ನೀವ್ ನೋಡ್ನಿಲ್ವಾ?" ಎಂದು ಅವರನ್ನೇ ತಪ್ಪಿತಸ್ಥರನ್ನಾಗಿ ಮಾಡಿದ. ನೋಡಲಿಲ್ಲ ಎಂದು ಒಪ್ಪಿಕೊಳ್ಳಲು ಯಾರೂ ತಯಾರಿರಲಿಲ್ಲ. ಕೆಲವೇ ದಿನಗಳಲ್ಲಿ ಆ ವರ್ಗಾವಣೆಯ ದೃಶ್ಯವನ್ನು ಕಣ್ಣಾರೆ ಕಂಡವರು ಹುಟ್ಟಿಕೊಂಡರು. ಮೇಕೆ ಬಸ್ಸಿನ ತನಕ ಬಂದು ಬೀಳ್ಕೊಟ್ಟಿತೆಂದು ಬಸ್ ಸ್ಟ್ಯಾಂಡಿನ ಹೋಟೆಲಿನವನು ವರ್ಣಿಸುತ್ತಿದ್ದ. ಅರಕಲಗೂಡಿಗೆ ಹೆಣ್ಣು ನೋಡಲು ಹೋದಾಗ ಅವನು ಅಲ್ಲಿನ ಸ್ಟೇಷನ್ನಿನೊಳಗೂ ಇಣುಕಿ ನೋಡಿ ಬಂದನಂತೆ. ಇದಕ್ಕೆ ಆಧಾರ ಇಲ್ಲ.

ಹೆಡ್ ಕಾನ್‌ಸ್ಟೇಬಲ್ಲಿಗೆ ಒಂದು ದಿನ ಎಚ್ಚರವಾಯಿತು. ಎಚ್ಚರವಾದ ಕೂಡಲೇ ಉಪ್ಪಿಟ್ಟು ಕೇಳಿದರೆಂದು ಊರು ಇವತ್ತಿಗೂ ಹೇಳುತ್ತದೆ. ಅವರ ಹೆಂಡತಿ ಮಾತ್ರ, "ಇಲ್ಲಪ್ಪ, ನೀರು ಕೇಳಿದ್ರು" ಎನ್ನುತ್ತಾರೆ. ಒಂದು ಕಾಲು ಎಳೆಯುವುದು ಉಳಿಯಿತು. ಸ್ಟೇಷನ್ನಿನ ವೈರ್‌ಲೆಸ್ ಕೋಣೆಯಲ್ಲಿ ಕೂರುವ ಕೆಲಸ ಕೊಟ್ಟರು. ನಾನು ಆ ವರ್ಷವೇ ಹಾಸನದ ಕಾಲೇಜಿಗೆ ಬಂದೆ. ಎಲ್ಲ ಮರೆತೆ.

ಮರೆತದ್ದು ಎದ್ದು ಬಂದದ್ದು ಮದುವೆಯಾದ ಎಷ್ಟೋ ವರ್ಷಗಳ ಮೇಲೆ, ಊಟದ ತಟ್ಟೆಯ ಮುಂದೆ. ನನ್ನ ಹೆಂಡತಿ ಅರಕಲಗೂಡಿನವಳು. ಉಪ್ಪಿಟ್ಟು ಬಡಿಸುತ್ತ ಏನೋ ಜ್ಞಾಪಕವಾಗಿ, "ಆ ಪೊಲೀಸ್ ಧಾರಾವಾಹೀಲಿ ದಫೇದಾರ ಸತ್ತಾಗ ನಮ್ಮನೇಲಿ ಯಾರೂ ಊಟ ಮಾಡಿರ್ಲಿಲ್ಲ" ಎಂದಳು.

"ಎಲ್ಲಿ ಸತ್ತ? ವರ್ಗ ಆಯ್ತಲ್ಲ."

"ಎಲ್ಲಿಗೆ?"

"ನಿಮ್ಮೂರಿಗೇ."

"ನಮ್ಮೂರಿಗೆ ಯಾವ ದಫೇದಾರನೂ ಬರ್ಲಿಲ್ಲ ಕಣ್ರೀ. ಮೇಜಿನ ಮೇಲೆ ಮಲಗಿದ್ದೋನು ಏಳ್ಲೇ ಇಲ್ಲ. ನೀರು ಹಾಕಿದ್ರು, ಎಲ್ಲಾ ನಕ್ರು, ಇನ್ನೊಂದ್ ಸಲ ಹಾಕಿದ್ರು. ಆಮೇಲೆ ಯಾರೂ ನಗ್ಲಿಲ್ಲ."

ನಾನು ವಾದಿಸಿದೆ. ಆಮೇಲೆ ತೆಪ್ಪಗಾದೆ. ನೆನಪು ಎಂಬುದು ಎಷ್ಟು ಮೋಸದ ವಸ್ತು ಎಂದು ಪ್ರತಿ ವರ್ಷ ತರಗತಿಯಲ್ಲಿ ಪಾಠ ಮಾಡುವವನು ನಾನೇ. ನಾನು ತಪ್ಪಿರಬೇಕು ಎಂದು ಒಪ್ಪಿಕೊಂಡೆ. ಆದರೆ ಒಂದು ದಿನ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಹೊಳೆನರಸೀಪುರದ ಹಳೆಯ ಸಹೋದ್ಯೋಗಿ ಸಿಕ್ಕಾಗ ಸುಮ್ಮನಿರಲಾರದೆ ಕೇಳಿದೆ. ಅವನು ಒಂದು ಕ್ಷಣವೂ ಯೋಚಿಸದೆ, "ಅರಕಲಗೂಡಿಗೆ ಹಾಕಿದ್ರಲ್ಲ. ಮೇಕೆ ಬಸ್ ಹತ್ತಕ್ಕೆ ಹೋಯ್ತು" ಎಂದ. ಇನ್ನಿಬ್ಬರನ್ನು ಫೋನಿನಲ್ಲಿ ಕೇಳಿದೆ, ಅದೇ ಉತ್ತರ. ಒಬ್ಬನ ನೆನಪು ಕೆಡಬಹುದು. ಒಂದು ಇಡೀ ಊರಿನ ನೆನಪು ಒಂದೇ ರೀತಿ ಕೆಟ್ಟಿದ್ದರೆ ಕೆಡಿಸಿದವನು ಒಬ್ಬ ಇರಲೇಬೇಕು. ಆ ಊರಿನ ಎಲ್ಲ ಟಿವಿಗಳ ವೈರು ಒಂದೇ ಮಹಡಿಗೆ ಹೋಗುತ್ತಿತ್ತೆಂಬುದು ಆಗ ಹೊಳೆಯಿತು.

ಭಾನುವಾರ ಹೆಂಡತಿಯನ್ನು ಕರೆದುಕೊಂಡು ಹೋದೆ. ತಾರಸಿಯ ಡಿಶ್‌ಗಳಲ್ಲಿ ಅತ್ತಿಗೆ ಸಂಡಿಗೆ ಒಣಹಾಕಿದ್ದರು. ಮನೆಮನೆಗೂ ಸಣ್ಣ ಕೊಡೆಯಂಥ ಡಿಶ್ ಬಂದು, ಆಮೇಲೆ ಮೊಬೈಲು ಬಂದು, ಕೇಬಲ್ಲಣ್ಣನ ಕಸುಬು ಮುಗಿದಿತ್ತು. ಕೆಳಗೆ ನಾನಿದ್ದ ಕೋಣೆಯಲ್ಲೇ ಮೊಬೈಲ್ ರೀಚಾರ್ಜ್ ಅಂಗಡಿ ಇಟ್ಟುಕೊಂಡಿದ್ದ. ನನ್ನನ್ನು ನೋಡಿ ಎದ್ದು ಬಂದ.

"ಬನ್ನಿ ಮೇಷ್ಟ್ರೇ! ಏನ್ ಇಷ್ಟ್ ದಿನಕ್ಕೆ! ಇವ್ರೇ ಏನು ನಮ್ ತಾಯಿ?"

"ಅರಕಲಗೂಡಿನವಳು" ಎಂದೆ. "ದಫೇದಾರ ಅಲ್ಲಿಗೆ ಬರಲೇ ಇಲ್ಲವಂತೆ."

ಅವನು ನನ್ನ ಮುಖ ನೋಡಿದ, ಅವಳ ಮುಖ ನೋಡಿದ. ಆಮೇಲೆ ಕೌಂಟರಿನ ಮೇಲೆ ಕೈಯೂರಿ ನಗಲು ಶುರುಮಾಡಿದವನು ನಿಲ್ಲಿಸಲೇ ಇಲ್ಲ. "ಇಷ್ಟ್ ವರ್ಸ ಆಯ್ತು, ಈಗ ಸಿಕ್ಕಾಕ್ಕಂಡೆ ನೋಡಿ" ಎಂದು ಎಲ್ಲ ಹೇಳಿದ. ಅವತ್ತು ಮೇಲೆ ಸಣ್ಣ ಟಿವಿಯಲ್ಲಿ ನೋಡುತ್ತಿದ್ದನಂತೆ. ದಫೇದಾರನ ಕೈ ಜೋತುಬಿದ್ದ ರೀತಿ ನೋಡಿ, ಇವನು ಏಳುವುದಿಲ್ಲ ಎಂದು ಗೊತ್ತಾಯಿತಂತೆ. ಎದುರುಮನೆಯಿಂದ ಮಗು "ನೀರು" ಎಂದು ಕೂಗಿದ್ದು ಕೇಳಿಸಿತು. ಕೈ ತಾನಾಗಿ ಹೋಗಿ ಊರಿನ ವೈರು ಕಿತ್ತಿತು. ರೆಕಾರ್ಡಿಂಗಿನ ವೈರು ಬೇರೆ ಇದ್ದುದರಿಂದ ಟೇಪಿನಲ್ಲಿ ಪೂರ್ತಿ ಉಳಿಯಿತು. ಮರುಪ್ರಸಾರದಲ್ಲಿ ಲೋಟ ಏಳುವ ತನಕ ಆ ಟೇಪು, ಆಮೇಲೆ ಹಳೆಯ ಕಂತೊಂದರ ಟೇಪು. ಹೊಸ ಕಂತುಗಳಲ್ಲಿ ಸ್ಟೇಷನ್ನಿನ ಗೋಡೆಯ ಮೇಲೆ ದಫೇದಾರನ ಫೋಟೋ, ಅದಕ್ಕೊಂದು ಹಾರ ಇತ್ತಲ್ಲ, ಅದಕ್ಕೇನು ಮಾಡಿದಿರಿ ಎಂದು ನನ್ನ ಹೆಂಡತಿ ಕೇಳಿದಳು.

"ಆ ಮೂಲೆಗೆ ಸಾಮಿಯಾನ ಬಾಡಿಗೆ ಜಾಹೀರಾತಿನ ಪಟ್ಟಿ ಬುಟ್ಟೆ ಕಣವ್ವ. ಸಾಮಿಯಾನದೋನು ಬಂದು ಕೈ ಮುಗ್ದ, ನಿಮ್ಮಂಥೋರು ಇಲ್ಲ ಅಂತ."

ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಅತ್ತಿಗೆ ಆಗ ತಟ್ಟೆಯನ್ನು ದಡಾರೆಂದು ಕೆಳಗಿಟ್ಟರು. "ನಂಗೂ ಹೇಳ್ನಿಲ್ವಲ್ರೀ! ಅವ್ನು ಬದುಕವ್ನೆ ಅಂತ ನಮ್ ತವರುಮನೆಯೋರ ಹತ್ರ ಎಲ್ಲಾ ಜಗಳ ಆಡ್ಕಂಡಿದೀನಿ. ನಮ್ಮಕ್ಕ ಒಂದ್ ವರ್ಸ ಮಾತು ಬುಟ್ಟಿದ್ಲು!"

ಎಲ್ಲರೂ ನಕ್ಕೆವು. ಆದರೆ ನನ್ನ ಚಟ ಸುಮ್ಮನಿರಬೇಕಲ್ಲ. "ಅಣ್ಣ, ನಗುವ ಮಾತು ಬೇರೆ. ಆ ಮಗುವಿನ ಅಪ್ಪ ಬದುಕಿದ್ದು ಅದೃಷ್ಟ. ಬದುಕದೆ ಇದ್ದಿದ್ದರೆ? ನೀನು ದಫೇದಾರ ಎದ್ದ ಅಂತ ತೋರಿಸಿ ನಂಬಿಸಿದ್ದೆ. ಆಮೇಲೆ ಅವಳಿಗೆ ಇನ್ನೂ ದೊಡ್ಡ ಪೆಟ್ಟಾಗುತ್ತಿರಲಿಲ್ಲವೇ? ನಿಜ ತಿಳಿಯೋ ಹಕ್ಕು ಮಕ್ಕಳಿಗೂ ಇದೆ."

ಅವನ ನಗು ನಿಂತಿತು. "ಅಪ್ಪ ಸತ್ತಿದ್ರೆ ಅತ್ತಿರೋವು ಮೇಷ್ಟ್ರೇ. ಒಂದ್ಸಲ ಅಳ್ಬೇಕಾಗಿರೋದ್ನ ನಾನ್ ತಪ್ಸಾಕಾಯ್ತಿರ್ನಿಲ್ಲ. ಎಲ್ಡು ಸಲ ಯಾಕ್ ಅಳ್ಸಾನ, ಅದೂ ನನ್ ವೈರ್ನಾಗೆ?"

"ಸರಿ, ಎಚ್ಚರವಾಗೋ ದೃಶ್ಯ ಸೇರಿಸಬೇಕು ಅಂತ ಹೇಗೆ ಹೊಳೀತು?"

ಅವನು ಹೊರಗೆ ಬೀದಿಯ ಕಡೆ ತಿರುಗಿದ. "ಒಳೀತು ಬುಡಿ" ಎಂದ.

ಬಸ್ಸಿನಲ್ಲಿ ಬರುತ್ತ ಹೆಂಡತಿಗೆ ಹೇಳಿದೆ: ಒಳ್ಳೆಯ ಮನುಷ್ಯ, ಆದರೆ ಜನಕ್ಕೆ ಏನು ಗೊತ್ತಿರಬೇಕು ಎಂದು ತಾನೇ ತೀರ್ಮಾನಿಸುವ ಒಳ್ಳೆಯ ಮನುಷ್ಯರೇ ಅಪಾಯ. ಅವಳು ಕಿಟಕಿಯಾಚೆ ನೋಡುತ್ತಿದ್ದವಳು, "ನೀವು ಅವರನ್ನ ಪೂರ್ತಿ ಕೇಳಿದ್ದೀರಿ ಅಂತ ನಂಗನ್ನಿಸ್ಲಿಲ್ಲ" ಎಂದಳು.

ಕಳೆದ ವರ್ಷ ಕೇಬಲ್ಲಣ್ಣ ತೀರಿಕೊಂಡ. ಯಕೃತ್ತಿನ ಕಾಯಿಲೆ, ಹಾಸನದಲ್ಲೇ ಆಸ್ಪತ್ರೆಯಲ್ಲಿದ್ದ. ನಾನು ಒಮ್ಮೆ ನೋಡಿದ್ದೆ. ಮಾತಾಡಿದ್ದು ಕಡಿಮೆ, ಮೊಬೈಲಿನಲ್ಲಿ ಪಿಚ್ಚರ್ ನೆರಳು ಬೀಳುವುದಿಲ್ಲ, ಹಾಗಾಗಿ ಮನೆಗೆ ಯಾರೂ ಕರೆಯುವುದಿಲ್ಲ ಎಂದು ದೂರಿದ. ತಿಥಿಯ ದಿನ ಹೊಳೆನರಸೀಪುರಕ್ಕೆ ಹೋದೆ. ಬೀದಿಗೆ ಅಡ್ಡಲಾಗಿ ಶಾಮಿಯಾನ. ಊಟ ಮುಗಿಸಿದ ಹೆಡ್ ಕಾನ್‌ಸ್ಟೇಬಲ್, ಈಗ ನಿವೃತ್ತರು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೋಲು ತೊಡೆಗೆ ಒರಗಿಸಿಕೊಂಡು ಗೊರಕೆ ಹೊಡೆಯುತ್ತಿದ್ದರು. ಚಿಕ್ಕ ಮಗಳು ಚನ್ನರಾಯಪಟ್ಟಣದಿಂದ ಮಗುವನ್ನು ಕರೆದುಕೊಂಡು ಬಂದಿದ್ದಳು. ಅಪ್ಪನನ್ನು ತೋರಿಸಿ ಆ ಮಗುವಿಗೆ ಏನೋ ಹೇಳುತ್ತಿದ್ದಳು. "ಅರಕಲಗೂಡು" ಎಂಬ ಒಂದು ಮಾತು ಮಾತ್ರ ನನಗೆ ಕೇಳಿಸಿತು.

ದೊಡ್ಡವಳು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ಅವಳು ಹಾಸನದಲ್ಲಿ ನರ್ಸ್, ಕೇಬಲ್ಲಣ್ಣ ಕೊನೆಗೆ ಇದ್ದದ್ದು ಅವಳ ವಾರ್ಡಿನಲ್ಲೇ. ನಾನು ಆ ವೈರು ಕಿತ್ತ ಕಥೆ ಎತ್ತಿದೆ, ಅವಳಿಗೆ ಗೊತ್ತಿಲ್ಲವೆಂಬಂತೆ.

"ಗೊತ್ತು ಸಾರ್" ಎಂದಳು. "ಮಾರ್ನೇ ದಿನಾನೇ ಗೊತ್ತಾಯ್ತು. ನಮ್ ಕ್ಲಾಸಿಗೆ ಹಳ್ಳಿ ಕಡೆಯಿಂದ ಒಬ್ಳು ಬರ್ತಿದ್ಲು, ಅವ್ರಿಗೆ ಬೇರೆ ಕೇಬಲ್ಲು. ದಫೇದಾರ ಸತ್ತೋದ ಅಂದ್ಲು. ನಾನು ಸ್ಕೂಲಿಂದ ಸೀದಾ ಮಹಡಿ ಹತ್ತಿ ಬಂದೆ. ಕೇಬಲ್ ಮಾವ ಅಲ್ಲಿ ಟೇಪು ಸುತ್ತುಸ್ತಾ ಕೂತಿದ್ರು. ಸತ್ತೋದ್ನಾ ಮಾವ ಅಂತ ಕೇಳ್ದೆ."

"ಏನಂದ?"

"ಟೇಪು ನಿಲ್ಸಿದ್ರು. ಆಮೇಲೆ, ಊಂ ಕಣವ್ವ, ಸತ್ತೋದ ಅಂದ್ರು. ನೋಡ್ಬೇಕಾ ಅಂತ ಕೇಳಿದ್ರು. ನಾನು ಊಂ ಅಂದೆ. ಬಾಗ್ಲು ಹಾಕಿ ಟೇಪ್ ಹಾಕಿದ್ರು. ಕುರ್ಚೀಲಿ ಕೂರ್ಲಿಲ್ಲ ಸಾರ್, ಕೆಳಗೆ ನನ್ ಪಕ್ಕ ಕೂತ್ಕೊಂಡ್ರು. ಟಿವಿ ಅಂದ್ರೇನೇ ಅಲರ್ಜಿ ಅವ್ರಿಗೆ, ಕೂತು ನೋಡಿದ್ದು ಅವತ್ತೇ ಇರ್ಬೇಕು. ನಾನು ಅಳ್ಲಿಲ್ಲ. ಅವ್ರು ಟವೆಲ್ ಬಾಯಿಗೆ ತುರುಕ್ಕೊಂಡು ಅಳ್ತಿದ್ರು. ಅಪ್ಪಂಗೂ ಹಿಂಗೇ ಆಗುತ್ತಾ ಅಂತ ಕೇಳ್ದೆ. ನಂಗೊತ್ತಿಲ್ಲ ಕಣವ್ವ, ಗೊತ್ತಿದ್ರೆ ಹೇಳ್ತಿದ್ದೆ ಅಂದ್ರು. ಅಜ್ಜಿ ಹತ್ರ ಏನು ಹೇಳಿದ್ರೋ, ಆವತ್ತೇ ಸಂಜೆ ಬಸ್ಸಲ್ಲಿ ನನ್ನ ಹಾಸನಕ್ಕೆ ಕರ್ಕೊಂಡ್ ಹೋದ್ರು."

ಅಲ್ಲಿಯ ತನಕ ಮಕ್ಕಳನ್ನು ಯಾರೂ ಅಪ್ಪನ ಹತ್ತಿರ ಬಿಟ್ಟಿರಲಿಲ್ಲ. ಕೇಬಲ್ಲಣ್ಣ ಐಸಿಯುವಿನ ಗಾಜಿನ ಬಾಗಿಲು ಕಾಯುವವನ ಹತ್ತಿರ ಜಗಳವಾಡಿ ಇವಳನ್ನು ಒಳಗೆ ಬಿಡಿಸಿದ. ಮೂಗಿನಲ್ಲಿ ನಳಿಕೆ, ತಲೆಗೆ ಬಟ್ಟೆ.

"ಟಿವಿಯಲ್ಲಿ ದಫೇದಾರನ ಹೊಟ್ಟೆ ಆಡ್ತಿರ್ಲಿಲ್ಲ ಸಾರ್. ನಾನು ಅದನ್ನೇ ನೋಡಿದ್ದೆ. ಅಪ್ಪನ ಹೊಟ್ಟೆ ಆಡ್ತಿತ್ತು. ಮೇಲೆ ಕೆಳಗೆ, ಮೇಲೆ ಕೆಳಗೆ. ವಾಪಸ್ ಬರ್ತಾ ಬಸ್ಸಲ್ಲಿ ನಾನೇ ಹೇಳ್ದೆ. ಮೇಕೆ ಬಂದ ಕಂತಲ್ಲಿ ದಫೇದಾರ ಏಳ್ತಾನಲ್ಲ ಮಾವ, ಅದನ್ನ ಸೇರ್ಸಿ ಹಾಕಿ, ತಂಗಿಗೆ. ಅವ್ಳಿನ್ನೂ ಚಿಕ್ಕೋಳು, ನಂಗೆ ತೋರ್ಸಿದ್ದು ಸಾಕು. ಅವ್ರು ಏನಂದ್ರು ಗೊತ್ತಾ? ಅವ್ಳಾಗೇ ಕೇಳಿದ್ರೆ ಸುಳ್ಳು ಹೇಳ್ಬ್ಯಾಡ, ಕೇಳೋಗಂಟ ಹೇಳ್ಬ್ಯಾಡ. ಅವತ್ತು ಅವ್ಳಿಗೆ ನಾನು ಹೇಳಿದ್ದು ಅಪ್ಪನ ಹೊಟ್ಟೆ ಆಡ್ತೈತೆ ಅಂತ. ಅದು ನಿಜಾನೇ."

ಇಡೀ ಊರಿನ ನೆನಪನ್ನು ತಿದ್ದಿದ ಕೈ ಹೈಸ್ಕೂಲಿನ ಹುಡುಗಿಯೊಬ್ಬಳದು. ಅಂಗಡಿಯಲ್ಲಿ ನಾನು ನಿಜ, ಹಕ್ಕು ಎಂದೆಲ್ಲ ಜೋರು ಮಾಡುತ್ತಿದ್ದಾಗ ಅವನು ಅದನ್ನು ತನ್ನ ಮೇಲೆಯೇ ಹಾಕಿಕೊಂಡು ಬೀದಿ ನೋಡುತ್ತ ನಿಂತಿದ್ದ.

"ಆಸ್ಪತ್ರೇಲೂ ಹಾಗೇ ಆಯ್ತು" ಎಂದಳು. "ಮಾವನ ಮಕ್ಳು, ಅಪ್ಪಂಗೆ ಏನೂ ಹೇಳ್ಬೇಡಿ ಅಂದಿದ್ರು. ಸರಿ ಅಂದೆ. ಆದ್ರೆ ಒಂದಿನ ಡ್ರಿಪ್ ಬದಲಾಯಿಸ್ತಿದ್ದೆ, ಅವ್ರೇ ಕೇಳ್ಬಿಟ್ರು. ನಂಗೆ ವಾಸಿ ಆಯ್ತೈತಾ ಕಣವ್ವ? ಇಲ್ಲ ಮಾವ ಅಂದೆ. ಸುಳ್ಳು ಹೇಳಕ್ಕೆ ನಂಗೆ ಆಗ್ಲಿಲ್ಲ. ಡ್ಯೂಟಿ ಮುಗಿಸ್ಕೊಂಡು ಬಂದು ಪಕ್ಕದಲ್ಲಿ ಕೂತ್ಕೊಂಡೆ. ಅವ್ರಾಗ, ನಮ್ಮನೇವ್ಳು ಕೇಳಿದ್ರೆ ನೀನೇ ಹೇಳು, ಮಕ್ಳಿಗೆ ಆಗಲ್ಲ ಅಂದ್ರು. ಅತ್ತೆ ಮಾರ್ನೇ ಬೆಳಿಗ್ಗೇನೇ ಕೇಳಿದ್ರು. ಹೇಳ್ದೆ. ಆಮೇಲಿಂದ ಇಬ್ರೂ ಒಂದೇ ಮೊಬೈಲಲ್ಲಿ ಆ ಹಳೇ ಧಾರಾವಾಹಿ ಹಾಕ್ಕೊಂಡು ನೋಡ್ತಿದ್ರು. ಪಕ್ಕದ ಬೆಡ್ಡಿನೋರೂ ನಗ್ತಿದ್ರು. ಡಾಕ್ಟ್ರು ಬಂದು ಬೈದ್ರು."

ಅಷ್ಟರಲ್ಲಿ ಅತ್ತಿಗೆ ಒಳಗಿನಿಂದ ಬಂದು, ಪಾಯಸ ತಿಂದಿರೋ ಇಲ್ಲವೋ ಎಂದು ನಮ್ಮಿಬ್ಬರನ್ನೂ ಗದರಿಸಿ ಹೋದರು. ಕಣ್ಣು ಕೆಂಪಗಿತ್ತು, ಆದರೆ ದನಿ ಮೊದಲಿನ ಹಾಗೆಯೇ ಗಟ್ಟಿ.

ನಾನು ಎದುರುಗಡೆ ನೋಡಿದೆ. ಚಿಕ್ಕವಳ ಮಗು ಅಜ್ಜನ ಹೊಟ್ಟೆಯ ಮೇಲೆ ಕಿವಿಯಿಟ್ಟು ಗೊರಕೆ ಕೇಳುತ್ತಿತ್ತು.

"ತಂಗಿಗೆ ಈಗಲಾದರೂ ಗೊತ್ತೇ?"

"ಮೊಬೈಲಲ್ಲಿ ಎಲ್ಲಾ ಕಂತೂ ಇವೆ ಸಾರ್. ನೋಡ್ಬೇಕಂದ್ರೆ ಯಾವತ್ತೋ ನೋಡ್ಬೋದಿತ್ತು. ನೋಡಿಲ್ಲ. ನನ್ನೂ ಕೇಳಿಲ್ಲ."

ಇದನ್ನೆಲ್ಲ ಬರೆಯಬೇಕೆಂದು ಆ ಹೊತ್ತಿಗಾಗಲೇ ನನ್ನೊಳಗೆ ಶುರುವಾಗಿತ್ತು. ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಬರೆದಿಟ್ಟರೆ ಇಷ್ಟಾದರೂ ನಿಲ್ಲುತ್ತದೆ. ಆದರೆ ಬರೆದದ್ದು ಚನ್ನರಾಯಪಟ್ಟಣಕ್ಕೂ, ಚಿಕ್ಕವಳ ಕೈಗೂ ಹೋಗುತ್ತದೆ. ದೊಡ್ಡವಳನ್ನೇ ಕೇಳಿದೆ: ಬರೆಯಲೇ, ಬೇಡವೇ?

ಅವಳು ತಂಗಿಯ ಕಡೆ ನೋಡಿದಳು. ತುಂಬ ಹೊತ್ತೇನೂ ಯೋಚಿಸಲಿಲ್ಲ.

"ಬರೀರಿ ಸಾರ್. ಓದಿದ್ರೆ ನನ್ನ ಬಂದು ಕೇಳ್ತಾಳೆ. ಕೇಳಿದ್ರೆ ರಜಾ ಹಾಕಿ ಹೋಗ್ತೀನಿ. ಪಕ್ಕದಲ್ಲಿ ಕೂತ್ಕೊಂಡು ಪೂರ್ತಿ ತೋರಿಸ್ತೀನಿ. ಒಬ್ಳೇ ನೋಡಕ್ ಬಿಡಲ್ಲ."